ಚೇಳಮ್ಮನ ಮುಂದೆ ಒಂದು ಪಾಠ

ಕೋಲಾರಕ್ಕೆ ಪ್ರವಾಸ ಬರುವ ಶಾಲಾ ಮಕ್ಕಳು ಸಾಮಾನ್ಯವಾಗಿ ಮೊದಲು ಹತ್ತುವುದು ಅಂತರಗಂಗೆಯ ಮೆಟ್ಟಿಲು. ಕಲ್ಲಿನ ಬಸವನ ಬಾಯಿಂದ ಬರುವ ನೀರು ಕುಡಿದು, ಕೋತಿಗಳಿಗೆ ಬುತ್ತಿ ಕಳೆದುಕೊಂಡು ಇಳಿಯುವಷ್ಟರಲ್ಲಿ ಎಲ್ಲರಿಗೂ ಸುಸ್ತು. ಊರೊಳಗಿನ ಕೋಲಾರಮ್ಮನ ಗುಡಿಗೆ ಉಳಿಯುವುದು ಅರ್ಧ ಗಂಟೆ. ನಾನು ಮಾತ್ರ ಮಕ್ಕಳನ್ನು ಮೊದಲು ಗುಡಿಗೇ ಕರೆದೊಯ್ಯುತ್ತೇನೆ. ವಿಜ್ಞಾನದ ಮೇಷ್ಟ್ರಿಗೆ ದೇವರ ಅವಸರ ಏಕೆಂದು ಸಹೋದ್ಯೋಗಿಗಳು ನಗುವುದುಂಟು.

ಊರಿನ ಪಕ್ಕದ ಬೆಟ್ಟಸಾಲಿಗೆ ಶತಶೃಂಗವೆಂದು ಹೆಸರು. ಜಮದಗ್ನಿ ಮತ್ತು ರೇಣುಕೆ ಇದ್ದದ್ದು ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಆಶ್ರಮಕ್ಕೆ ಬಂದ ಕಾರ್ತವೀರ್ಯಾರ್ಜುನನ ಸೈನ್ಯಕ್ಕೆಲ್ಲ ಋಷಿ ಸುರಭಿಯ ಮಹಿಮೆಯಿಂದ ಊಟ ಹಾಕಿದ. ಉಂಡ ಅರಸನಿಗೆ ಹಸುವಿನ ಮೇಲೇ ಆಸೆಯಾಯಿತು. ಋಷಿಯ ಕೊಲೆಯಾಯಿತು, ಮಗ ಪರಶುರಾಮ ಕೊಡಲಿ ಎತ್ತಿದ. ಆ ಯುದ್ಧದ ಕೋಲಾಹಲದಿಂದ ಕೋಲಾಹಲಪುರ, ಅದರಿಂದ ಕೋಲಾರ ಎನ್ನುವುದು ಜನರ ಮಾತು. ಶಾಸನಗಳಲ್ಲಿ ಮಾತ್ರ ಊರಿನ ಹೆಸರು ಕುವಲಾಲ. ತಲಕಾಡಿಗೆ ಹೋಗುವ ಮೊದಲು ಗಂಗರ ರಾಜಧಾನಿ ಇದೇ ಆಗಿತ್ತು. ಕೋಲಾರಮ್ಮ ರೇಣುಕೆಯೇ ಎನ್ನುವವರಿದ್ದಾರೆ, ದುರ್ಗೆ ಎನ್ನುವವರೂ ಇದ್ದಾರೆ. ಅಮ್ಮನ ನೋಟ ಉಗ್ರವೆಂದು ಕನ್ನಡಿಯಲ್ಲಿ ದರ್ಶನ ಮಾಡುವ ಪದ್ಧತಿ ಇಲ್ಲಿದೆ. ಗುಡಿ ಚೋಳರ ಕಾಲದ್ದು. ರಾಜೇಂದ್ರ ಚೋಳನ ಕಾಲದ, 11ನೇ ಶತಮಾನದ ತಮಿಳು ಶಾಸನಗಳು ಇಲ್ಲಿವೆ.

ನನಗೆ ಬೇಕಾದದ್ದು ಇದೇ ಆವರಣದ ಇನ್ನೊಂದು ಗುಡಿ, ಚೇಳಮ್ಮನದು. ಈಕೆಗೆ ನಡೆದುಕೊಂಡವರಿಗೆ ಚೇಳಿನ ಕಾಟವಿಲ್ಲವೆಂದು ನಂಬಿಕೆ. ಕಾಣಿಕೆ ಹಾಕುವ ಹುಂಡಿ ನೆಲದಲ್ಲೇ ಕೊರೆದ ಕುಳಿ. ಅದನ್ನು ಯಾರೂ ತೆರೆದಿಲ್ಲ ಎನ್ನುತ್ತಾರೆ. ಇಂಥ ದೇವತೆ ಈ ಸೀಮೆಯಲ್ಲಿ ಹುಟ್ಟಿದ್ದು ಆಶ್ಚರ್ಯವಲ್ಲ. ಬಂಡೆ, ಕಲ್ಲುಗುಡ್ಡೆ, ಒಣ ನೆಲ ಎಲ್ಲವೂ ಚೇಳಿಗೆ ಹೇಳಿ ಮಾಡಿಸಿದ್ದು. ಸೌದೆ ಎತ್ತುವ, ಕಡಲೆಕಾಯಿ ಕೀಳುವ ಕೈಗೆ ಆ ಭಯ ಗೊತ್ತು.

ನಾನು ಹುಡುಗನಾಗಿದ್ದಾಗ ನನಗೂ ಒಂದು ಚೇಳು ಕುಟುಕಿತ್ತು. ಮಂತ್ರ ಹಾಕಿಸಿದರು. ರಾತ್ರಿಯಿಡೀ ಅತ್ತೆ, ಬೆಳಗ್ಗೆ ನೋವಿಲ್ಲ. ಮಂತ್ರದ ಶಕ್ತಿ ಎಂದೇ ಬಹಳ ವರ್ಷ ನಂಬಿದ್ದೆ. ಅದು ದಪ್ಪ ಕೊಂಡಿಗಳ ದೊಡ್ಡ ಕರಿ ಚೇಳು. ನೋಡಲು ಭಯಂಕರ, ಆದರೆ ಅದರ ವಿಷ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಜೀವಕ್ಕೆ ಕುತ್ತು ತರುವುದು ತೆಳು ಕೊಂಡಿಗಳ ಚಿಕ್ಕ ಕೆಂಪು ಚೇಳು. ಬಿಎಸ್‌ಸಿ ಓದಿದ ಮೇಲೂ ಈ ವ್ಯತ್ಯಾಸವನ್ನು ನಾನು ತರಗತಿಯಲ್ಲಿ ಹೇಳಿರಲಿಲ್ಲ. ಸಂಧಿಪದಿ, ಎಂಟು ಕಾಲು, ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ, ಅಷ್ಟೇ ಪಾಠ.

2011ರ ಬೇಸಿಗೆ ರಜೆ. ಶ್ರೀನಿವಾಸಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಮಾವಿನ ಕೊಯ್ಲು ನಡೆದಿತ್ತು. ಎಂಟನೇ ತರಗತಿ ಮುಗಿಸಿದ್ದ ನನ್ನ ಶಿಷ್ಯನೊಬ್ಬ ತೋಪಿನಲ್ಲಿ ಹುಲ್ಲು ಎತ್ತುವಾಗ ಕೆಂಪು ಚೇಳು ಕುಟುಕಿತು. ಮಂತ್ರ ಹಾಕುವವರಲ್ಲಿಗೆ ಒಯ್ದರು. ಒಂದೂವರೆ ಗಂಟೆ ಅಲ್ಲೇ ಹೋಯಿತು. ನಾನು ಹೋಗಿ ನೋಡಿದಾಗ ಹುಡುಗ ಬೆವರಿನಲ್ಲಿ ತೊಯ್ದಿದ್ದ, ವಾಂತಿ ನಿಂತಿರಲಿಲ್ಲ, ಆ ಸೆಕೆಯಲ್ಲೂ ಕೈಕಾಲು ತಣ್ಣಗಿದ್ದವು. ಅವನ ಅಜ್ಜಿ ಸೆರಗು ಬಿಗಿದುಕೊಂಡು, "ಮೇಷ್ಟ್ರೇ, ಚೇಳಮ್ಮನ ಹತ್ರ ಕರ್ಕೊಂಡೋಗಾನ" ಎಂದರು. ವಾದ ಮಾಡುವ ಹೊತ್ತಲ್ಲ. "ಕೋಲಾರಕ್ಕೇ ಹೋಗೋಣ ಅಜ್ಜಿ, ಮೊದಲು ಆಸ್ಪತ್ರೆ, ಆಮೇಲೆ ಅಮ್ಮ" ಎಂದೆ. ಮಾವಿನಕಾಯಿ ಇಳಿಸಿದ ಟೆಂಪೊದಲ್ಲೇ ಹೊರಟೆವು.

ಆಸ್ಪತ್ರೆಯಲ್ಲಿ ಕೊಟ್ಟದ್ದು ಪ್ರಜೋಸಿನ್ ಎಂಬ, ರಕ್ತದೊತ್ತಡದ ರೋಗಿಗಳಿಗೆಂದು ತಯಾರಾದ ಮಾತ್ರೆ. ಕೆಂಪು ಚೇಳಿನ ವಿಷ ನರಗಳನ್ನು ಕೆರಳಿಸಿ ಅಡ್ರಿನಲಿನ್‌ನಂಥ ರಸಗಳನ್ನು ರಕ್ತಕ್ಕೆ ಸುರಿಸುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಹೃದಯ ದಣಿಯುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಾತ್ರೆ ಆ ಬಿಗಿತವನ್ನು ಸಡಿಲಿಸುತ್ತದೆ. ಇದನ್ನು ಚೇಳಿನ ವಿಷಕ್ಕೆ ಬಳಸಿ ತೋರಿಸಿದವರು ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯ ಹಿಮ್ಮತರಾವ್ ಬಾವಸ್ಕರ್. ಹಳ್ಳಿಯ ರೋಗಿಗಳನ್ನು ಹಾಸಿಗೆಯ ಪಕ್ಕ ಕೂತು ಗಮನಿಸಿ ಅವರು ಬರೆದದ್ದು 1986ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಹಳ್ಳಿಯಲ್ಲಿ ಅದಕ್ಕೆ ಸಂತೋಷಪಟ್ಟವನು ಬಹುಶಃ ನಾನೊಬ್ಬನೇ! ಈಗ ಇದರ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಡುತ್ತಾರೆ. ಪೋಷಕರು ನೆನಪಿಡಬೇಕಾದದ್ದು ಇಷ್ಟು: ಗಾಯ ಕೊಯ್ಯಬಾರದು, ಬಿಗಿದು ಕಟ್ಟಬಾರದು. ಬೆವರು, ವಾಂತಿ, ತಣ್ಣಗಿನ ಕೈಕಾಲು ಕಾಣಲಿ ಎಂದು ಕಾಯದೆ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯ ಪ್ರಮಾಣ ವೈದ್ಯರಿಗೆ ಬಿಟ್ಟದ್ದು.

ಮೂರನೇ ದಿನ ಹುಡುಗನನ್ನು ಮನೆಗೆ ಕಳಿಸಿದರು. ಅಜ್ಜಿ ನೇರ ಚೇಳಮ್ಮನಲ್ಲಿಗೆ ನಡೆದರು. ಮಾತು ಕೊಟ್ಟಿದ್ದೆನಲ್ಲ, ನಾನೂ ಹೋದೆ. ಕುಳಿಗೆ ನಾಣ್ಯ ಹಾಕಿ ಅಜ್ಜಿ ಕಣ್ಣು ಮುಚ್ಚಿದರು. ಹುಡುಗ ಬಗ್ಗಿ, ಅದು ಬಿದ್ದ ಸದ್ದಿಗೆ ಕಿವಿಗೊಟ್ಟಿದ್ದ.

ಅಂದಿನಿಂದ ಚೇಳಿನ ಪಾಠವನ್ನು ನಾನು ಮಾಡುವುದು ಈ ಗುಡಿಯಲ್ಲೇ. ಪಾಠ ಮುಗಿದ ಮೇಲೆ ಅಂತರಗಂಗೆ ಹತ್ತುತ್ತೇವೆ. ಕೂರಲು ಕಲ್ಲು ಹುಡುಕುವ ಮಕ್ಕಳು ಅದನ್ನು ಮೊದಲು ಕಡ್ಡಿಯಿಂದ ತಟ್ಟುತ್ತಾರೆ.