ಅಗ್ನಿಮೂಲೆಗೆ ತಿರುಗಿದ ಡಿಶ್

ಹತ್ತನೇ ತರಗತಿಗೆ ನಿಮ್ನ ದರ್ಪಣದ ಪಾಠ. ಕನ್ನಡಿ, ಮೇಣದಬತ್ತಿ, ಬಿಳಿ ಹಾಳೆ ಇಟ್ಟುಕೊಂಡು ಎಲ್ಲ ಪ್ರಶಿಕ್ಷಣಾರ್ಥಿಗಳೂ ಮಾಡುತ್ತಾರೆ. ನಾನು ಬೇರೆ ಏನಾದರೂ ಮಾಡಿ ತೋರಿಸಬೇಕೆಂದು ಹೊರಟೆ. ಬೋಧನಾಭ್ಯಾಸಕ್ಕೆಂದು ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಾಡಿಗೆಗಿದ್ದೆ. ಆ ಮನೆಯ ಮಾಳಿಗೆ ಮೇಲೆ ಒಂದು ಹಳೆಯ ಡಿಶ್ ಬಿದ್ದಿತ್ತು. ಅದನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಸೆಟ್‌ಟಾಪ್ ಬಾಕ್ಸ್ ಜೋಡಿಸಿ, ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ವಾಹಿನಿ ಹಿಡಿದು ತೋರಿಸುವುದು ನನ್ನ ಪಾಠಯೋಜನೆ. ಮಾರ್ಗದರ್ಶಕ ಉಪನ್ಯಾಸಕರು ಅವಲೋಕನಕ್ಕೆ ಬರುವ ದಿನವನ್ನೇ ಆರಿಸಿಕೊಂಡಿದ್ದೆ.

ಸಿದ್ಧತೆ ಚೆನ್ನಾಗಿಯೇ ಇತ್ತು. ಫ್ರೀ ಡಿಶ್‌ನ ಸಂಕೇತ ಬರುವ ಜಿಸ್ಯಾಟ್-15 ಉಪಗ್ರಹ ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಇದೆ. ಕಲಬುರಗಿಯ ಅಕ್ಷಾಂಶ, ರೇಖಾಂಶ ಹಾಕಿ ಲೆಕ್ಕ ಮಾಡಿದರೆ ದಿಕ್ಕು ಉತ್ತರದಿಂದ ಸುಮಾರು 135 ಡಿಗ್ರಿ, ಅಂದರೆ ಸರಿಯಾಗಿ ಆಗ್ನೇಯ. ಎತ್ತರದ ಕೋನ ಸುಮಾರು 62 ಡಿಗ್ರಿ. ಊರಿನವರಿಗೆ ಹೇಳುವುದಾದರೆ ಅಡುಗೆಮನೆಯ ಮೂಲೆ, ಅಗ್ನಿಮೂಲೆ. ಮಕ್ಕಳಿಗೆ ಇದು ಬಹಳ ಹಿಡಿಸಿತು.

ಕಂಬ ನೆಟ್ಟು, ಡಿಶ್ ಕೂಡಿಸಿ, ಇನ್ನೇನು ತಿರುಗಿಸಬೇಕು ಅನ್ನುವಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಸರ್, ಪುಸ್ತಕದಾಗ ಸಂಗಮಬಿಂದು ಕನ್ನಡಿ ನಡುವಿನ ಎದುರಿಗೆ ಅದ. ಇದರಾಗ ಕಡ್ಡಿ ಯಾಕ್ರಿ ಕೆಳಗಿಂದ ಬಂದದ?”

ಒಳ್ಳೆಯ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. “ಕಂಪನಿಯವರು ಅನುಕೂಲಕ್ಕೆ ಹಾಗೆ ಮಾಡಿರ್ತಾರಮ್ಮ, ಕೂತ್ಕೋ” ಎಂದೆ.

ಡಿಶ್‌ನ ಮೇಲಂಚಿನಿಂದ ಕೆಳಅಂಚಿಗೆ ಅಡ್ಡಪಟ್ಟಿ ಹಿಡಿದು, ಕೋನಮಾಪಕಕ್ಕೆ ದಾರ ಮತ್ತು ಕಲ್ಲು ಕಟ್ಟಿ 62 ಡಿಗ್ರಿಗೆ ತಂದೆ. ಬ್ರಾಕೆಟ್ ಅಷ್ಟು ಹಿಂದಕ್ಕೆ ಬಾಗಲು ಒಪ್ಪಲಿಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು. ನಾನು ಕಂಬವನ್ನೇ ವಾಲಿಸಿ, ಬುಡಕ್ಕೆ ಕಲ್ಲು ಕೊಟ್ಟೆ. ಟಿವಿಯಲ್ಲಿ ಸಿಗ್ನಲ್‌ನ ಪಟ್ಟಿ ಅರ್ಧಕ್ಕಿಂತ ಮೇಲೆ ತೋರಿಸುತ್ತಿತ್ತು, ಚಿತ್ರ ಮಾತ್ರ ಇಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿದೆ. 40 ನಿಮಿಷದ ಅವಧಿ ಹಾಗೇ ಮುಗಿಯಿತು. ಅವಲೋಕನ ಹಾಳೆಯಲ್ಲಿ ಉಪನ್ಯಾಸಕರು ಟಿವಿ ಬರಲಿಲ್ಲವೆಂದು ಬರೆದಿರಲಿಲ್ಲ. ಬರೆದದ್ದು ಇಷ್ಟು: “ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆಕೆ ಮತ್ತೆ ಕೈ ಎತ್ತಲಿಲ್ಲ.”

ಆ ರಾತ್ರಿ ಡಿಶ್ಶನ್ನು ಮಾಳಿಗೆಗೆ ಹೊತ್ತು ತಂದಾಗ ಮನೆಯ ಯಜಮಾನರ ತಂದೆ ಅದನ್ನು ನೋಡುತ್ತಾ ಹೇಳಿದರು: “ನಾ ಸಣ್ಣಾವ ಇದ್ದಾಗ ಜಾಳಿಗಿ ಛತ್ರಿ ನೋಡೀನಿ. ಈ ಕಡ್ಡಿ ಅದಕ್ಕ ನಟ್ಟನಡುವ ಇತ್ತು. ಅದು ಪಡುವಣಕ್ಕ ಮಾರಿ ಮಾಡಿತ್ತು.” ಅವರು ಹೇಳುತ್ತಿದ್ದುದು 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದ ಮಾತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಟಿವಿ ತೋರಿಸಿದ್ದರು. ನಮ್ಮ ರಾಜ್ಯದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಆ ಉಪಗ್ರಹ ಆಫ್ರಿಕಾದ ಮೇಲೆ, 35 ಡಿಗ್ರಿ ಪೂರ್ವದಲ್ಲಿ ಇತ್ತು. ಅಜ್ಜ ಹೇಳಿದ ದಿಕ್ಕು ಸರಿ. ಮೂರು ಮೀಟರ್ ಅಗಲದ ಆ ಡಿಶ್ ಪುಸ್ತಕದ ನಿಮ್ನ ದರ್ಪಣದ ಹಾಗೆ ಇಡಿಯಾದದ್ದು. ನಮ್ಮದು?

ಟೇಪು ಹಿಡಿದು ಅಳೆದೆ. ಅಗಲ 60 ಸೆಂ.ಮೀ., ಎತ್ತರ 65. ದುಂಡಗೇ ಇರಲಿಲ್ಲ! ಇದು ಇಡೀ ಬಟ್ಟಲಲ್ಲ, ದೊಡ್ಡದೊಂದು ಪರವಲಯದ ಬಟ್ಟಲಿನ ಪ್ರಧಾನಾಕ್ಷಕ್ಕಿಂತ ಮೇಲಿನ ಭಾಗದಿಂದ ಕತ್ತರಿಸಿದ ಒಂದು ತುಂಡು. ಸಂಗಮಬಿಂದು ಇರಬೇಕಾದ ಕಡೆಯೇ ಇದೆ, ಕತ್ತರಿಸಿದ ತುಂಡು ಅದರ ಮೇಲಕ್ಕಿದೆ. ಅದಕ್ಕೇ ಕಡ್ಡಿಯ ತುದಿಯ ಎಲ್‌ಎನ್‌ಬಿ ಕೆಳಗೆ ಕಾಣುತ್ತದೆ, ಅದರ ನೆರಳೂ ಡಿಶ್ ಮೇಲೆ ಬೀಳುವುದಿಲ್ಲ. ಇಂಥ ಡಿಶ್ ತನ್ನ ಮುಖ ಇರುವ ಕಡೆಗಲ್ಲ, ಅದಕ್ಕಿಂತ ಸಾಕಷ್ಟು ಮೇಲಕ್ಕೆ ನೋಡುತ್ತದೆ. ಮುಖವನ್ನೇ 62ಕ್ಕೆ ಎತ್ತಿ ನಾನು ನೆತ್ತಿಯ ಮೇಲಿನ ಖಾಲಿ ಆಕಾಶವನ್ನು ತೋರಿಸಿದ್ದೆ. ಬ್ರಾಕೆಟ್ ಮೇಲಿನ ಅಳತೆ ತುಕ್ಕು ಹಿಡಿದು ಅಳಿಸಿತ್ತು. ಅದು ಇದ್ದಿದ್ದರೆ ಓದಿಕೊಂಡು ಕೂರಿಸಿಬಿಡುತ್ತಿದ್ದೆ, ಆ ಹುಡುಗಿಯ ಪ್ರಶ್ನೆ ಅಲ್ಲೇ ಸತ್ತುಹೋಗುತ್ತಿತ್ತು.

ಎರಡು ದಿನದ ನಂತರ ತರಗತಿಗೆ ಹೋಗಿ, ನಾನು ಕೊಟ್ಟ ಉತ್ತರ ತಪ್ಪು, ಪ್ರಶ್ನೆ ಸರಿಯಾಗಿತ್ತು ಎಂದೆ. ಹೇಳಲು ಮೊದಲು ಸ್ವಲ್ಪ ಗಂಟಲು ಕಟ್ಟಿತು. ಅವಳನ್ನೇ ಕರೆದು ಹಲಗೆಯ ಮೇಲೆ ದೊಡ್ಡ ಪರವಲಯ ಬರೆಸಿದೆ, ಸಂಗಮಬಿಂದು ಗುರುತಿಸಿ ಕೆಳಗಿನ ಅರ್ಧ ಒರೆಸಲು ಹೇಳಿದೆ. ಒರೆಸಿ ಒಂದು ಕ್ಷಣ ನಿಂತಳು. “ಹಂಗಾದ್ರ ಕಡ್ಡಿ ಕೆಳಗ ಇಲ್ರಿ, ಛತ್ರಿನೇ ಮ್ಯಾಲ ಅದ” ಎಂದಳು.

ಎಷ್ಟು ಮೇಲಕ್ಕೆ ನೋಡುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿದರು. ಅಗಲವನ್ನು ಎತ್ತರದಿಂದ ಭಾಗಿಸಿದರೆ ಆ ಕೋನದ ಕೊಸೈನ್ ಸಿಗುತ್ತದೆ: 60/65, ಅಂದರೆ 12/13. ವಿಕರ್ಣ 13, ಬಾಹು 12 ಇರುವ ಲಂಬಕೋನ ತ್ರಿಭುಜ ಎಳೆದು ಕೋನಮಾಪಕದಿಂದ ಅಳೆದಾಗ ಇಪ್ಪತ್ತೆರಡೂವರೆಯ ಹತ್ತಿರ ಬಂತು. 62ರಿಂದ ಅದನ್ನು ಕಳೆದು ಡಿಶ್ ಮುಖವನ್ನು ಮೂವತ್ತೊಂಬತ್ತೂವರೆಗೆ ನಿಲ್ಲಿಸಿದೆವು.

ಉಳಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೊದಲ ದಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬಕ್ಕೇ ಒತ್ತಿ ಹಿಡಿದಿದ್ದೆ; ಈ ಸಲ ಆರೇಳು ಹೆಜ್ಜೆ ದೂರ ನಿಂತು, ಆಗ್ನೇಯಕ್ಕೆ ಸುಣ್ಣದ ಗೆರೆ ಎಳೆದೆವು. ಕಂಬವನ್ನು ತೂಗುಗುಂಡಿನಿಂದ ನೆಟ್ಟಗೆ ಮಾಡಿದೆವು. ಎಲ್‌ಎನ್‌ಬಿಯನ್ನೂ ನಾನು ನೆಟ್ಟಗೆ ಬಿಟ್ಟಿದ್ದೆ. ನಾವು ಉಪಗ್ರಹದ ಪಕ್ಕಕ್ಕೆ, ಬಾಗಿದ ಭೂಮಿಯ ಮೇಲೆ ನಿಂತಿರುವುದರಿಂದ ಅದರ ಲಂಬ ನಮಗೆ ಓರೆ. ಇಲ್ಲಿ ನಲವತ್ತಕ್ಕೂ ಹೆಚ್ಚು ಡಿಗ್ರಿ ತಿರುಗಿಸಬೇಕು. ಇನ್ನು ಪರದೆಯ ಮೇಲಿನ ಎರಡು ಪಟ್ಟಿಗಳಲ್ಲಿ ‘ಸ್ಟ್ರೆಂತ್’ ನಂಬಬಾರದು. ಎಲ್‌ಎನ್‌ಬಿಗೆ ವಿದ್ಯುತ್ ಸಿಕ್ಕರೆ ಸಾಕು, ಅದು ಏರುತ್ತದೆ. ನೋಡಬೇಕಾದದ್ದು ‘ಕ್ವಾಲಿಟಿ’. ಬೆರಳಗಲ ಸರಿಸು, ಐದು ಎಣಿಸು, ಮತ್ತೆ ಸರಿಸು. ಬಾಕ್ಸ್‌ಗೆ ಯೋಚಿಸಲು ಅಷ್ಟು ಹೊತ್ತು ಬೇಕು. ಒಂದು ಡಿಗ್ರಿ ತಪ್ಪಿದರೆ ಅಷ್ಟು ದೂರದಲ್ಲಿ 600 ಕಿ.ಮೀ.ಗೂ ಹೆಚ್ಚು ತಪ್ಪಿದಂತೆ ಎಂದಾಗ ಇಡೀ ತರಗತಿ ಜೋರಾಗಿ ಐದು ಎಣಿಸತೊಡಗಿತು.

ಎಂಟನೆಯದೋ ಒಂಬತ್ತನೆಯದೋ ಸಲಕ್ಕೆ ಕ್ವಾಲಿಟಿ ಪಟ್ಟಿ ಒಮ್ಮೆಲೇ ಮೇಲೆ ಹಾರಿತು. ಚಾನೆಲ್ ಹುಡುಕಿಸಿದಾಗ ಚಂದನ ಬಂತು. ಯಾವುದೋ ಕೃಷಿ ಕಾರ್ಯಕ್ರಮ. ಅಷ್ಟು ಆಸಕ್ತಿಯಿಂದ ಅದನ್ನು ಯಾರೂ ನೋಡಿರಲಿಕ್ಕಿಲ್ಲ. ಉಪಗ್ರಹ ಅಲ್ಲಿಯೇ ಹೇಗೆ ನಿಲ್ಲುತ್ತದೆ ಎಂದು ಒಬ್ಬ ಕೇಳಿದ. 35,786 ಕಿ.ಮೀ. ಎತ್ತರ, ಭೂಮಿಯ ಜೊತೆಜೊತೆಗೇ ಒಂದು ಸುತ್ತು, ಕದಲಿದರೆ ಸರಿಪಡಿಸಲು ನಮ್ಮ ಹಾಸನದ ನಿಯಂತ್ರಣ ಕೇಂದ್ರ ಎಂದಷ್ಟೇ ಹೇಳಿದೆ.

ಆಗ ಅವಳು ಮತ್ತೆ ಕೈ ಎತ್ತಿದಳು. “ಸರ್, ಛತ್ರಿ ತಲೆಕೆಳಗ ಮಾಡಿ ಹಾಕಿದ್ರ ನಡೀತದೇನ್ರಿ?”

ಈ ಸಲ ನಾನು ಉತ್ತರ ಹೇಳಲಿಲ್ಲ, ಸೀಮೆಸುಣ್ಣ ಕೊಟ್ಟೆ. ಕಳೆಯುವ ಬದಲು ಕೂಡಿಸಬೇಕಾಗುತ್ತದೆ ಎಂದು ಅವಳೇ ಬರೆದಳು: ಎಂಬತ್ತನಾಲ್ಕೂವರೆ. ನಡೆಯುತ್ತದೆ, ಆದರೆ ಡಿಶ್ ಹೆಚ್ಚುಕಡಿಮೆ ಅಂಗಾತ ಮಲಗಿರುತ್ತದೆ.

“ಮಳಿ ಬಂದ್ರ ನೀರು ನಿಲ್ತದ” ಎಂದ ಹಿಂದಿನ ಬೆಂಚಿನವನು. ಗಂಟೆ ಹೊಡೆಯಿತು.