ಒಂದು ಯಂತ್ರಕ್ಕಾಗಿ ನಾಲ್ಕೂರ ಪ್ರವಾಸ

ದೇವರ ದರ್ಶನಕ್ಕೆಂದೂ ಮದುವೆ-ಮುಂಜಿವೆಗಳಿಗೆಂದೂ ನಾವು ಬಹಳ ತಿರುಗಿದ್ದೇವೆ. ಆದರೆ ಆಟವಾಡುವ ಗಣಕಯಂತ್ರವೊಂದರ ಅವಯವಗಳನ್ನು ಕೂಡಿಸುವದಕ್ಕಾಗಿ, ಅರುವತ್ತರ ಈ ವಯಸ್ಸಿನಲ್ಲಿ, ಜಮಖಂಡಿ, ಮುಧೋಳ, ಬೀಳಗಿಗಳನ್ನು ಸುತ್ತಿಬರುವ ಯೋಗವು ನಮಗೆ 2025ರ ದಸರೆಯ ರಜೆಯಲ್ಲಿ ಒದಗಿಬಂದಿತು. ಮನೆಯಲ್ಲಿ ಬೆಳೆದ ಹುಡುಗರುಳ್ಳ ವಾಚಕರಿಗೆ ಈ ವೃತ್ತಾಂತವು ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಾವಿರುವದು ಬನಹಟ್ಟಿಯಲ್ಲಿ. ರಬಕವಿ-ಬನಹಟ್ಟಿಗಳು ಜೋಡು ಊರುಗಳು, ನೇಕಾರರ ಊರುಗಳು. ಇಲ್ಲಿ ಮಗ್ಗದ ಸದ್ದು ನಿಂತರೇ ತೊಟ್ಟಿಲ ಕೂಸು ಎಚ್ಚರಗೊಳ್ಳುವದು. ನಮ್ಮ ಓಣಿಯ ನೇಕಾರನೊಬ್ಬನು ಹಿಂದೆ ನಮ್ಮ ವಿದ್ಯಾರ್ಥಿಯಾಗಿದ್ದವನು. ಅವನ ಮಗನು ಡಿಪ್ಲೋಮಾ ಓದುತ್ತಿರುವನು. ಹುಡುಗನು ಎರಡು ವರ್ಷಗಳಿಂದ ರಜೆಯ ದಿನಗಳಲ್ಲಿ ಕಂಡಿಕೆ ಸುತ್ತಿ, ಪರರ ಮಗ್ಗ ನಡೆಸಿ, 24,000 ರೂಪಾಯಿ ಕೂಡಿಸಿದ್ದನು. ಆ ಹಣದಿಂದ ಆಟದ ಯಂತ್ರ ಕಟ್ಟುವೆನೆಂದಾಗ ತಂದೆಗೆ ಸಿಟ್ಟು ಬಂದಿತು. “ಮಗ್ಗದ ಸಾಲ ಹಂಗ ಐತಿ, ಇಂವಗ ಆಟದ ಮಷಿನ್ ಬೇಕಂತ!” ಎಂದನು. ತಂದೆಮಕ್ಕಳಲ್ಲಿ ಎಂಟು ದಿವಸ ಮಾತು ನಿಂತಿತು. ಹುಡುಗನು ನಮ್ಮ ಕಟ್ಟೆಗೆ ಬಂದು ಕುಳಿತನು.

ನಮಗೂ ಸಂಶಯವಿದ್ದಿತು. ನಳನನ್ನೂ ಧರ್ಮರಾಜನನ್ನೂ ಬೀದಿಗೆ ತಂದದ್ದು ಆಟವೇ ಅಲ್ಲವೆ? ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟದಲ್ಲಿಯೇ ಮಾಡಿದ್ದಿತು. ಅದನ್ನು ಕೇಳಲು ಹುಡುಗನು, “ಅಜ್ಜಾರ, ನಾ ರೊಕ್ಕದ ಆಟ ಮುಟ್ಟಂಗಿಲ್ರಿ. ಮಷಿನ್ ಕಟ್ಟೂದನ್ನೂ ಕಲೀಬೇಕಾಗೇತ್ರಿ” ಎಂದನು. ಸಾಲ ಮಾಡತಕ್ಕದ್ದಲ್ಲ, ಲೆಕ್ಕವನ್ನು ನಾವು ಬರೆಯುವೆವು ಎಂಬ ಎರಡು ಕರಾರುಗಳ ಮೇಲೆ ಜೊತೆಗೆ ಹೊರಟೆವು.

ಬಸ್ಸಿನಲ್ಲಿ ನಮಗೆ ತರ್ಕಸಂಗ್ರಹದ ಪಾಠವು ನೆನಪಾಯಿತು. ಬಟ್ಟೆಗೆ ನೂಲಿನ ಎಳೆಗಳು ಸಮವಾಯಿ ಕಾರಣ, ಎಳೆಗಳ ಸಂಯೋಗವು ಅಸಮವಾಯಿ ಕಾರಣ, ಮಗ್ಗ-ಲಾಳಿಗಳು ನಿಮಿತ್ತ ಕಾರಣ. ಗಣಕಯಂತ್ರವೂ ಹಾಗೆಯೇ, ಅವಯವಗಳೆಲ್ಲ ಇದ್ದರೂ ಒಂದಕ್ಕೊಂದು ಹೊಂದದಿದ್ದರೆ ಯಂತ್ರವಾಗದು. ಇದನ್ನು ಹೇಳಲು ಹುಡುಗನು ನಮಗೇ ಪಾಠ ಹೇಳಿದನು. ಫ್ರಾನ್ಸ ದೇಶದ ಜಕಾರ್ಡನು 1804ರ ಹೊತ್ತಿಗೆ ರಂಧ್ರ ಕೊರೆದ ರಟ್ಟಿನ ಕಾರ್ಡುಗಳಿಂದ ಸೀರೆಯ ಚಿತ್ತಾರವನ್ನು ಮಗ್ಗಕ್ಕೆ ತಿಳಿಸುವ ಉಪಾಯವನ್ನು ಮಾಡಿದನಂತೆ. ಇಂಗ್ಲೆಂಡಿನ ಬ್ಯಾಬೇಜನು 1830ರ ದಶಕದಲ್ಲಿ ತನ್ನ ಗಣನಯಂತ್ರದ ಯೋಜನೆಗೆ ಅದೇ ಕಾರ್ಡುಗಳನ್ನು ಆರಿಸಿಕೊಂಡನಂತೆ. ಬನಹಟ್ಟಿಯ ಮಗ್ಗಕ್ಕೂ ಈ ಯಂತ್ರಕ್ಕೂ ಇಂಥ ಬಳಗವಿರುವದನ್ನು ನಾವು ತಿಳಿದಿರಲಿಲ್ಲ.

ಜಮಖಂಡಿಯು 1948ರ ವರೆಗೆ ಪಟವರ್ಧನ ಅರಸರ ಸಂಸ್ಥಾನವಾಗಿದ್ದಿತು. ಆದರೆ ನಮಗೆ ಈ ತಾಲೂಕೆಂದರೆ ಮೊದಲು ನೆನಪಾಗುವದು ಚಿಕ್ಕಪಡಸಲಗಿಯ ಬ್ಯಾರೇಜು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು, 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಅದನ್ನು ಕಟ್ಟಿದರು. ಇದ್ದುದರಲ್ಲಿಯೇ ಕೂಡಿಸಿ ಕಟ್ಟುವ ವಿದ್ಯೆಯು ಈ ನೆಲಕ್ಕೆ ಹೊಸತಲ್ಲ.

ಜಮಖಂಡಿಯಲ್ಲಿ ಮುಚ್ಚಿದ ಟೈಪಿಂಗ್ ಕ್ಲಾಸೊಂದರಿಂದ ಮಾನಿಟರು 3,000 ರೂಪಾಯಿಗೆ ಸಿಕ್ಕಿತು, ಕೀಬೋರ್ಡು-ಮೌಸುಗಳಿಗೆ 800. ಅಲ್ಲಿಯ ಒಂದು ಅಂಗಡಿಯಲ್ಲಿ ಹಳೆಯ ಗ್ರಾಫಿಕ್ಸ್ ಕಾರ್ಡು 5,000ಕ್ಕೆ ಇದ್ದಿತು. ತೆರೆಯ ಮೇಲೆ ಚಿತ್ರವು ಸೊಗಸಾಗಿ ಮೂಡಿತು. ಒಂದು ಅಗುಳನ್ನು ಹಿಸುಕಿ ಗಡಿಗೆಯ ಅನ್ನವನ್ನೆಲ್ಲ ತಿಳಿಯುವ ಸ್ಥಾಲೀಪುಲಾಕ ನ್ಯಾಯದಿಂದ ನಾವು “ಕೊಡೋ ರೊಕ್ಕ” ಎಂದುಬಿಟ್ಟೆವು. ಹುಡುಗನು ಒಪ್ಪದೆ, ಭಾರವಾದ ಆಟವೊಂದನ್ನು ಅರ್ಧ ತಾಸು ನಡೆಸಿ ನೋಡುವೆನೆಂದನು. ಇಪ್ಪತ್ತು ಮಿನಿಟುಗಳಾಗುತ್ತಲೆ ಕಾರ್ಡು ಕಾಯ್ದು ತೆರೆಯ ತುಂಬ ಬಣ್ಣದ ಗೆರೆಗಳೆದ್ದವು. ನಮ್ಮ ಮಾತು ಕೇಳಿದ್ದರೆ ಅವನ ಎಷ್ಟೋ ರವಿವಾರಗಳ ದುಡಿಮೆಯು ಅಲ್ಲಿಯೇ ಮುಳುಗುತ್ತಿದ್ದಿತು. ನಾವು ಬಾಯಿ ಮುಚ್ಚಿಕೊಂಡು ಲೆಕ್ಕದ ವಹಿ ತೆರೆದೆವು.

ಮುಧೋಳವು ಘಟಪ್ರಭೆಯ ದಂಡೆಯ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿ ಮಹಾಕವಿಯಾದ ರನ್ನನ ಊರು. ಅವನ ಗದಾಯುದ್ಧದ ಕಥೆಯನ್ನು ಹೇಳುತ್ತ ನಡೆದಾಗ ಹುಡುಗನು, “ಅಜ್ಜಾರ, ಇದರದೊಂದ ಆಟ ಮಾಡಿದ್ರ ಭಾರೀ ಆಗತಿತ್ರಿ” ಎಂದುದು ನಮಗೆ ಅಪ್ರಿಯವಾಗಲಿಲ್ಲ.

ಅಲ್ಲಿ ಲೆಕ್ಕಪತ್ರದ ಕಚೇರಿಯೊಂದು ಹಳೆಯ ಯಂತ್ರಗಳನ್ನು ಮಾರುತ್ತಿದ್ದಿತು. ಎರಡು ಬಗೆಯವು ಇದ್ದವು. ಅಗ್ಗದ್ದು ಆರನೆಯ ಪೀಳಿಗೆಯ ಪ್ರೊಸೆಸರಿನದು. ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಲ್ಲದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ಅದೇ ಅಕ್ಟೋಬರ 14ಕ್ಕೆ ಮುಗಿಯುವದಿದ್ದಿತು. ಇನ್ನೊಂದು 2017ರಲ್ಲಿ ಬಂದ, ಎಂಟನೆಯ ಪೀಳಿಗೆಯ, ನಾಲ್ಕು ಕೋರುಗಳ ಐ3-8100. ಮೇಲಾಗಿ ಅದು ಅಂಗಡಿಯಲ್ಲಿ ಜೋಡಿಸಿದ ಯಂತ್ರ. ದೊಡ್ಡ ಕಂಪನಿಗಳ ಕಚೇರಿ ಡಬ್ಬಿಗಳಲ್ಲಿ ಬೋರ್ಡೂ ಪವರ್ ಸಪ್ಲಾಯಿಯೂ ಅನೇಕ ವೇಳೆ ಅವುಗಳದೇ ಆಕಾರದವಿದ್ದು, ಪೇಟೆಯ ಸಾಮಾನು ಅವಕ್ಕೆ ಕೂಡುವದಿಲ್ಲ. ಆದುದರಿಂದ ಎರಡನೆಯದನ್ನೇ, ಬೋರ್ಡು, ಕ್ಯಾಬಿನೆಟ್ಟು, 8 ಜಿಬಿ ರ‍್ಯಾಮು ಸಹಿತ 7,500ಕ್ಕೆ ಕೊಂಡನು. ಇನ್ನೊಂದು 8 ಜಿಬಿಗೆ 1,800. ಆ ವರ್ಷದ ಕೊನೆಗೆ ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಾಲಯಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆಯು ಬಹಳ ಏರಿತು. ಎರಡು ತಿಂಗಳು ತಡಮಾಡಿದ್ದರೆ ನಮ್ಮ ಲೆಕ್ಕವೆಲ್ಲ ಕೆಡುತ್ತಿದ್ದಿತು.

ಇದಕ್ಕಿಂತ ಬಲವಾದ ಪ್ರೊಸೆಸರು ಬೇಡವೆ, ಎಂದು ಕೇಳಿದೆವು. ಹುಡುಗನ ಉತ್ತರವು ಸಾಂಖ್ಯರ ಅಂಧಪಂಗು ನ್ಯಾಯದಂತಿದ್ದಿತು. ಕುರುಡನು ಕುಂಟನನ್ನು ಹೊತ್ತು ನಡೆಯುವಂತೆ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕೂಡಿ ಆಟ ನಡೆಸುವವು. ಒಂದಕ್ಕೆ ಹಣ ಸುರಿದು ಇನ್ನೊಂದನ್ನು ಸೊರಗಿಸಿದರೆ ಸುರಿದ ಹಣವು ವ್ಯರ್ಥ. ಮುಧೋಳದ ಹೆಸರುವಾಸಿಯಾದ ಬೇಟೆನಾಯಿಯ ಮೈಯಲ್ಲಿಯೂ ಒಂದು ಹಿಡಿ ಮಾಂಸ ಹೆಚ್ಚಿಲ್ಲ. ಆದರೂ ಓಟದಲ್ಲಿ ಅದಕ್ಕೆ ಕಡಿಮೆಯೇನು?

ಬೀಳಗಿಯು ಕೃಷ್ಣಾ-ಘಟಪ್ರಭೆಗಳ ನಡುವಿನ ಸೀಮೆ. ಆಲಮಟ್ಟಿಯ ಹಿನ್ನೀರಿನಿಂದ ಈ ತಾಲೂಕಿನ ಎಷ್ಟೋ ಹಳ್ಳಿಗಳು ಎದ್ದುಹೋಗಿ ಹೊಸ ನೆಲೆಗಳಲ್ಲಿ ಕುಳಿತಿವೆ. ಅಂಥ ಒಂದು ಹೊಸ ನೆಲೆಯ ಮನೆಯಲ್ಲಿ, ನೌಕರಿಗೆಂದು ಬೆಂಗಳೂರಿಗೆ ಹೊರಟ ತರುಣನೊಬ್ಬನು ತನ್ನ ಜಿಟಿಎಕ್ಸ್ 1650 ಕಾರ್ಡನ್ನು ಮಾರಲಿದ್ದನು. 2019ರಲ್ಲಿ ಬಂದ ಈ ಕಾರ್ಡಿಗೆ 4 ಜಿಬಿ ಸ್ಮರಣೆ, 75 ವ್ಯಾಟಿನ ಖರ್ಚು. ಈ ಸಲ ಅರ್ಧ ತಾಸಿನ ಪರೀಕ್ಷೆಯನ್ನು ನಾವೇ ಗಡಿಯಾರ ನೋಡಿ ಮಾಡಿಸಿದೆವು. ಶಾಖವು 70 ಅಂಶದ ಆಸುಪಾಸಿನಲ್ಲಿ ನಿಂತಿತು. ಅವನ ತಾಯಿಯವರು ನಮಗೆ ರೊಟ್ಟಿ, ಶೇಂಗಾದ ಹಿಂಡಿ ಬಡಿಸಿ, “ನಮ್ಮ ಮಗ ಇದರಾಗ ಆಡಿಕೋತನ ಕಲತಾನ್ರೀ” ಎಂದರು. 7,000 ಕೊಟ್ಟು ಬಂದೆವು.

500 ಜಿಬಿಯ ಹೊಸ ಎಸ್‌ಎಸ್‌ಡಿಯನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ 3,000ಕ್ಕೆ ತರಿಸಿದ್ದಾಯಿತು. ಒಟ್ಟು 23,100. ಉಳಿದದ್ದು 900. ಮುಧೋಳದ ಡಬ್ಬಿಯಲ್ಲಿದ್ದ ಹಳೆಯ ಪವರ್ ಸಪ್ಲಾಯಿಯಿಂದಲೇ ಕೆಲಸ ಸಾಗಿಸುವೆನೆಂದು ಹುಡುಗನು ನಮ್ಮ ಕಟ್ಟೆಯ ಮೇಲೆ ಹೇಳುತ್ತಿರುವಾಗ ಅವನ ತಂದೆಯು ದಾರಿಯಲ್ಲಿ ನಿಂತನು. ಮಗನನ್ನು ನೋಡದೆ ನಮಗೇ ಹೇಳಿದನು: “ಗುರುಗಳ, ಬೇಕಾದ್ದರಾಗ ಉಳಸ್ರಿ, ಕರೆಂಟಿನ ಡಬ್ಬಿಯಾಗ ಉಳಸಬ್ಯಾಡ್ರಿ. ಸಂಜಿಮುಂದ ಕರೆಂಟ್ ಏರಿಳಿದು ನನ್ನ ಮಗ್ಗದ ಮೋಟಾರ ಎರಡ ಸಲ ಸುಟ್ಟೈತ್ರಿ.” ಒಳ್ಳೆಯ 450 ವ್ಯಾಟಿನದಕ್ಕೆ 2,800 ಬೀಳುವದೆಂದು ಹೇಳಿದೆವು. ಮರುದಿನ ಅವನು 1,900 ರೂಪಾಯಿಗಳನ್ನು ನಮ್ಮ ವಹಿಯೊಳಗಿಟ್ಟು ಹೋದನು. ಅದನ್ನು ಸಾಲವೆಂದು ಬರೆಯಲೊ, ಜಮೆಯೆಂದು ಬರೆಯಲೊ, ಎಂದು ಕೂಗಿ ಕೇಳಿದರೆ ಉತ್ತರವಿಲ್ಲ. ಜಮೆಯೆಂದು ಬರೆದೆವು.

ಜೋಡಣೆಯು ಮಗ್ಗದ ಮನೆಯಲ್ಲಿಯೇ ನಡೆಯಿತು. ಹುಡುಗನು ಗುಂಡಿ ಒತ್ತಿದನು. ಪಂಖ ತಿರುಗಿತು, ತೆರೆ ಮಾತ್ರ ಕಪ್ಪು. ರ‍್ಯಾಮು ತೆಗೆದು ಒರೆಸಿ ಕೂಡಿಸಿದನು. ಕಾರ್ಡು ತೆಗೆದು ಇಟ್ಟನು. ಒಂದು ತಾಸಾದರೂ ಕಪ್ಪೇ. ಎರಡು ವರ್ಷದ ದುಡಿಮೆಯು ಎದುರಿಗೆ ಮೂಕವಾಗಿ ಕುಳಿತಿದ್ದಿತು. ಹುಡುಗನ ಕಣ್ಣು ತುಂಬಿದವು. ಆಗ ತಂದೆಯು ತನ್ನ ಮಗ್ಗ ನಿಲ್ಲಿಸಿ ಬಂದು ಕುಕ್ಕುರುಗಾಲಲ್ಲಿ ಕುಳಿತನು. ಹರಿದ ಎಳೆಯನ್ನು ಹುಡುಕುವ ಬೆರಳುಗಳಿಂದ, ಕರೆಂಟಿನ ಡಬ್ಬಿಯಿಂದ ಹೊರಟ ಒಂದೊಂದು ತಂತಿಯನ್ನು ಹಿಡಿದು, “ಇದು ಎಲ್ಲಿಗಿ ಹೊಂಟೈತಿ? ಇದು?” ಎಂದು ಕೇಳುತ್ತ ಹೋದನು. ಕೊನೆಗೆ, “ಇದ್ಯಾಕ ಸುಮ್ಮನ ಜೋತಾಡತೈತೋ?” ಎಂದನು. ಅದು ಪ್ರೊಸೆಸರಿಗೆ ಪ್ರತ್ಯೇಕವಾಗಿ ವಿದ್ಯುತ್ತು ಒಯ್ಯುವ ತಂತಿ! ಅದನ್ನು ಕೂಡಿಸಿದ ಕೂಡಲೆ ತೆರೆಯು ಬೆಳಗಿತು.

ಈಗ ಆ ಯಂತ್ರವು ಮಗ್ಗದ ಪಕ್ಕದಲ್ಲಿಯೇ ಇರುವದು. ಹುಡುಗನು ಓದಿನ ತರುವಾಯ ಒಂದು ತಾಸು ಆಡುವನು. ಬಿಡುವಿದ್ದಾಗ ಸೀರೆಯ ಅಂಚಿನ ಚಿತ್ತಾರಗಳನ್ನೂ ತೆಗೆಯುವನು. ಅವು ಇನ್ನೂ ನೇಯುವಷ್ಟು ಪಕ್ವವಾಗಿಲ್ಲವೆಂದು ತಂದೆಯ ಮತ. ಹಾಗೆಂದು ದಿನಾಲು ಅವರಿಬ್ಬರೂ ವಾದಿಸುವರು. ಎಂಟು ದಿವಸ ಮಾತಿಲ್ಲದ ಆ ಮನೆಯಿಂದ ಈ ವಾದವು ನಮ್ಮ ಕಟ್ಟೆಯ ವರೆಗೆ ಕೇಳಿಬರುವದು. ನಾವು ಪಂಚಾಂಗ ನೋಡುವ ನೆವದಿಂದ ಕಿವಿಗೊಟ್ಟು ಕುಳಿತಿರುವೆವು.