ಕರೆಂಟು ವಾಪಸ್ ಬರುವ ದಾರಿ

ಎಲ್‌ಇಡಿ ದೀಪದ ಡಬ್ಬಿಯ ಮೇಲೆ ಒಂದು ಮಾತು ತಪ್ಪದೆ ಇರುತ್ತದೆ: ಹಳೇ ಬಲ್ಬು ತೆಗೆಯಿರಿ, ಹೊಸದು ಹಾಕಿರಿ, ಅಷ್ಟೇ. ಆ ‘ಅಷ್ಟೇ’ ನಿಜವಾಗಿದ್ದರೆ ನನಗೆ ಈ ಹುಚ್ಚು ಹಿಡಿಯುತ್ತಲೇ ಇರಲಿಲ್ಲ. ಭಾನುವಾರ ತಿಂಡಿ ಮುಗಿಸಿ, ಅಂಗಳದ ನೆರಳಿಗೆ ಬೈಕು ತಂದು ನಿಲ್ಲಿಸಿ, ಹೆಡ್‌ಲೈಟಿನ ಡೂಮು ಬಿಚ್ಚಿ, ಒಳಗೆ ತುರುಕಿಕೊಂಡಿರುವ ವೈರುಗಳನ್ನೆಲ್ಲ ಹೊರಗೆಳೆದು ಕೂತೆನೆಂದರೆ ಊಟಕ್ಕೆ ಮನೆಯವರು ಎರಡೆರಡು ಸಲ ಕೂಗಬೇಕು. ಹಾಕಿದ ದೀಪ ಹೊತ್ತಿಕೊಂಡರೆ ನನಗೆ ಅಂಥ ಖುಷಿಯೇನೂ ಆಗುವುದಿಲ್ಲ. ಹೊತ್ತಿಕೊಳ್ಳದಿದ್ದರೆ, ಅಥವಾ ಹೊತ್ತಬಾರದ್ದು ಹೊತ್ತಿಕೊಂಡರೆ, ಆಗ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತೇನೆ.

ಪಕ್ಕದ ಮನೆಯ ಹುಡುಗ ತನ್ನ ಹಳೇ ನೂರು ಸಿಸಿ ಬೈಕಿಗೆ ಎಲ್‌ಇಡಿ ಇಂಡಿಕೇಟರ್ ಹಾಕಿಸಿಕೊಂಡು ಬಂದಿದ್ದ. ಮುಖ ಸಪ್ಪಗಿತ್ತು.

“ಅಣ್ಣಾ, ರೈಟ್ ಹಾಕಿದ್ರೂ ನಾಲ್ಕೂ ಮಿಣುಕ್ತವೆ, ಲೆಫ್ಟ್ ಹಾಕಿದ್ರೂ ನಾಲ್ಕೂ ಮಿಣುಕ್ತವೆ. ಸ್ವಿಚ್ ಹೋಗಿದೆ ಅಂದ್ರು. ಹೊಸ ಸ್ವಿಚ್ಚೂ ಹಾಕ್ಸಾಯ್ತು, ಹಂಗೇ ಇದೆ.”

“ಸ್ವಿಚ್ಚು ಪಾಪ ಏನೂ ಮಾಡಿಲ್ಲ ಮಾರಾಯ. ಮೀಟರಲ್ಲಿ ಇಂಡಿಕೇಟರಿಗೆ ಎಷ್ಟು ದೀಪ ಇದೆ ನೋಡು.”

ಒಂದೇ ಇತ್ತು. ರೋಗ ಅಲ್ಲೇ. ಹಳೇ ಬೈಕುಗಳಲ್ಲಿ ಎಡಕ್ಕೂ ಬಲಕ್ಕೂ ಸೇರಿ ಮೀಟರಿನಲ್ಲಿ ಒಂದೇ ಪುಟ್ಟ ಬಲ್ಬು. ಅದರ ಒಂದು ಕಾಲು ಎಡಗಡೆಯ ವೈರಿಗೆ, ಇನ್ನೊಂದು ಬಲಗಡೆಯ ವೈರಿಗೆ. ಅದಕ್ಕೆ ಸ್ವಂತದ ಅರ್ತ್ ಇಲ್ಲವೇ ಇಲ್ಲ. ಬಲಕ್ಕೆ ಹಾಕಿದಾಗ ಬಲಗಡೆಯ ವೈರಿನಿಂದ ಕರೆಂಟು ಮೀಟರಿನ ಬಲ್ಬಿಗೆ ನುಗ್ಗಿ, ಆಚೆಯಿಂದ ಎಡಗಡೆಯ ವೈರಿಗಿಳಿದು, ಎಡ ಇಂಡಿಕೇಟರಿನ ಫಿಲಮೆಂಟಿನೊಳಗೆ ಹಾದು ಅರ್ತ್ ಸೇರುತ್ತದೆ. ಎಡಕ್ಕೆ ಹಾಕಿದರೆ ಇದರ ಉಲ್ಟಾ. ಇಷ್ಟು ಸಣ್ಣ ಕರೆಂಟಿಗೆ ಹತ್ತು ವ್ಯಾಟಿನ ಫಿಲಮೆಂಟು ಬಿಸಿಯೂ ಆಗುವುದಿಲ್ಲ. ಹೀಗೆ ಒಂದು ದೀಪ, ಒಂದು ವೈರು ಉಳಿಸಿದ ಆ ಇಂಜಿನಿಯರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಫಿಲಮೆಂಟು ಇದ್ದ ಕಡೆ ಎಲ್‌ಇಡಿ ಕೂತ ಮೇಲೆ ಮಾತ್ರ ಲೆಕ್ಕ ತಪ್ಪುತ್ತದೆ. ಬಲ್ಬು ಲಕ್ಷಿಸದ ಆ ಕರೆಂಟು ಎಲ್‌ಇಡಿಗೆ ಹೊಟ್ಟೆ ತುಂಬ ಊಟ. ನಾಲ್ಕೂ ಮಿಣುಕುತ್ತವೆ.

ಮದ್ದು ಎರಡು ಡಯೋಡು. 1ಎನ್4007 ಎಂದು ಕೇಳಿದರೆ ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೈಗೆ ಬಂದಷ್ಟು ಹಾಕಿ ಕೊಡುತ್ತಾರೆ. ಕಪ್ಪು ಮೈ, ಒಂದು ತುದಿಗೆ ಬಿಳಿ ಪಟ್ಟೆ. ಕರೆಂಟು ಪಟ್ಟೆಯ ಕಡೆಗೆ ಹರಿಯುತ್ತದೆ, ತಿರುಗಿ ಬರುವುದಿಲ್ಲ. ಎಡದ ವೈರಿಗೊಂದು, ಬಲದ ವೈರಿಗೊಂದು ಡಯೋಡು ಬೆಸೆದು, ಪಟ್ಟೆಯ ತುದಿಗಳೆರಡನ್ನೂ ಕೂಡಿಸಿ ಮೀಟರ್ ಬಲ್ಬಿನ ಒಂದು ಕಾಲಿಗೆ ಕೊಡಬೇಕು. ಇನ್ನೊಂದು ಕಾಲು ಅರ್ತಿಗೆ. ಬೆಸುಗೆಯ ಮೇಲೆ ಸ್ಲೀವ್ ಎಳೆದು ಲೈಟರಿನ ಬಿಸಿ ತೋರಿಸಿದರೆ ಅದು ಮುದುರಿ ವೈರನ್ನು ಅಪ್ಪಿಕೊಳ್ಳುತ್ತದೆ. ಅದನ್ನು ನೋಡುವುದೇ ಒಂದು ಸುಖ. ಇನ್ಸುಲೇಷನ್ ಟೇಪ್ ಸುತ್ತಿ ಕೈ ತೊಳೆದುಕೊಳ್ಳುವವರನ್ನು ಕಂಡರೆ ನನಗಾಗದು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದರ ಅಂಟು ಕರಗಿ, ಟೇಪು ಸಡಿಲಾಗಿ, ತಾಮ್ರ ಹೊರಗಿಣುಕಿರುತ್ತದೆ.

ನಾಲ್ಕೂ ಮಿಣುಕುವುದು ನಿಂತ ಮೇಲೆ ಹುಡುಗನ ಮುಂದಿನ ದೂರು: “ಸಿಕ್ಕಾಪಟ್ಟೆ ಫಾಸ್ಟ್ ಆಯ್ತಲ್ಲ ಅಣ್ಣಾ?” ಇದೂ ಇಂಡಿಕೇಟರನ್ನು ಮಿಣುಕಿಸುವ ಫ್ಲ್ಯಾಷರಿನ ದೃಷ್ಟಿಯಿಂದ ಸರಿಯೇ. ಹತ್ತು ವ್ಯಾಟಿನ ಎರಡು ಬಲ್ಬು ಸೇರಿ 1.6 ಆಂಪಿಯರಿಗೂ ಮೇಲೆ ಎಳೆಯುತ್ತಿದ್ದವು. ಎಲ್‌ಇಡಿ ಅದರ ಹತ್ತನೇ ಒಂದು ಪಾಲನ್ನೂ ಕೇಳುವುದಿಲ್ಲ. ಬಲ್ಬು ಸುಟ್ಟುಹೋಗಿದೆ ಎಂದು ಫ್ಲ್ಯಾಷರು ಲೆಕ್ಕ ಹಾಕಿ ಸವಾರನಿಗೆ ತಿಳಿಸಲು ಅವಸರ ಮಾಡುತ್ತದೆ. ಇದಕ್ಕೆ ಕೆಲವರು ಆರು ಓಮಿನ ರೆಸಿಸ್ಟರನ್ನು ಅಡ್ಡ ಹಾಕುತ್ತಾರೆ. ಹನ್ನೆರಡು ವೋಲ್ಟಿಗೆ ಅದು ಇಪ್ಪತ್ನಾಲ್ಕು ವ್ಯಾಟು ತಿಂದು ಬರೀ ಶಾಖ ಕಕ್ಕುತ್ತದೆ. ಕರೆಂಟು ಉಳಿಸಲೆಂದು ಎಲ್‌ಇಡಿ ಹಾಕಿ, ಉಳಿಸಿದ್ದಕ್ಕಿಂತ ಹೆಚ್ಚನ್ನು ಸುಡುವ ಈ ಬುದ್ಧಿವಂತಿಕೆಗೆ ಏನೆನ್ನಬೇಕೋ. ಎಲ್‌ಇಡಿಗೆಂದೇ ಮಾಡಿದ ಫ್ಲ್ಯಾಷರು ಹಾಕಿದರೆ ಮುಗಿಯಿತು. ಅದಕ್ಕೊಂದು ಅರ್ತ್ ವೈರು ಹೆಚ್ಚಿಗೆ ಬೇಕಾಗಬಹುದು, ಅಷ್ಟೇ.

ಮತ್ತೆ ಅರ್ತು. ಈ ಕಸುಬಿನಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಅದೇ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ಸ್ವಿಚ್ಚು, ಸ್ವಿಚ್ಚಿನಿಂದ ದೀಪ ಎಂದು ಹೋಗುವ ದಾರಿಯನ್ನು ಎಲ್ಲರೂ ಮುಟ್ಟಿ ಮುಟ್ಟಿ ನೋಡುತ್ತಾರೆ. ದೀಪದಿಂದ ಬ್ಯಾಟರಿಗೆ ಕರೆಂಟು ವಾಪಸ್ ಬರಬೇಕಲ್ಲ, ಅದರ ಕಡೆ ಯಾರ ಗಮನವೂ ಇಲ್ಲ. ಅದು ಚಾಸಿಸ್ಸಿಗೆ ಕಚ್ಚಿದ ಒಂದು ಬೋಲ್ಟು, ಬೋಲ್ಟಿನಡಿ ಬಣ್ಣ, ಬಣ್ಣದಡಿ ತುಕ್ಕು. ತೀರ್ಥಹಳ್ಳಿಯ ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದು. ಕಪ್ಲರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ವೈರಿನ ಮೇಲಿನ ಪ್ಲಾಸ್ಟಿಕ್ಕು ಹೊಸದರಂತೆ ಹೊಳೆಯುತ್ತಿರುತ್ತದೆ, ಸುಲಿದರೆ ಒಳಗಿನ ತಾಮ್ರ ಗೇಣುದ್ದಕ್ಕೂ ಕಪ್ಪಾಗಿರುತ್ತದೆ. ನೀರು ವೈರಿನ ಎಳೆಗಳ ಸಂದಿಯಲ್ಲೇ ಹತ್ತಿ ಹೋಗುತ್ತದೆ. ಅದಕ್ಕೇ ನಾನು ಯಾವ ಕಪ್ಲರಿಗೆ ವೈರು ತಂದರೂ ಮೊದಲು ಕೆಳಗಿಳಿಸಿ, ಜೋತುಬಿಟ್ಟು, ಆಮೇಲೆ ಮೇಲಕ್ಕೆ ಏರಿಸುತ್ತೇನೆ. ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು.

ಇಂಥ ಕೊಳೆತ ವೈರಿನ ಮುಂದೆ ಮಲ್ಟಿಮೀಟರು ಮೋಸ ಹೋಗುತ್ತದೆ. ಕಡ್ಡಿ ಇಟ್ಟರೆ 12.4 ಎಂದು ತೋರಿಸುತ್ತದೆ, ಎಲ್ಲ ಸರಿ ಎನ್ನಿಸುತ್ತದೆ. ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸಾಕು. ಹೊರೆ ಹೊರಿಸಿ ನೋಡಬೇಕಾದರೆ ನಮ್ಮ ಹಳೇ ಎಲೆಕ್ಟ್ರಿಷಿಯನ್ನರ ಟೆಸ್ಟ್ ಲ್ಯಾಂಪೇ ಬೇಕು: ಒಂದು ಹೋಲ್ಡರು, ಎರಡು ವೈರು, ಒಂದು ಫಿಲಮೆಂಟ್ ಬಲ್ಬು. ಅದು ಮಂಕಾಗಿ ಕೆಂಪಗೆ ಹೊತ್ತಿದರೆ ದಾರಿ ಕೆಟ್ಟಿದೆ. ಎಲ್‌ಇಡಿಯ ಟೆಸ್ಟರು ಕೊಳೆತ ವೈರಿನಲ್ಲೂ ನಗುನಗುತ್ತಾ ಹೊತ್ತುತ್ತದೆ, ನಂಬಬಾರದು. ಎಲ್‌ಇಡಿ ಕೆಲಸಕ್ಕೆ ಕೂರುವಾಗ ನನ್ನ ಡಬ್ಬಿಯಲ್ಲಿ ಮೊದಲು ಹುಡುಕುವುದು ಹಳೇ ಬಲ್ಬನ್ನೇ. ಮಲ್ಟಿಮೀಟರನ್ನು ಬಳಸುವುದಾದರೆ ದೀಪ ಹೊತ್ತಿಸಿಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ವಿಗೆ, ಇನ್ನೊಂದು ದೀಪದ ಅರ್ತಿಗೆ ಇಡಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟು ಬಂತೋ, ಮರಳು ಕಾಗದ ತೆಗೆದುಕೊಳ್ಳಿ.

ವೈರಿನ ಬಣ್ಣ ನೋಡಿ ಅರ್ತ್ ಯಾವುದೆಂದು ಹೇಳುವ ಜಾಣರೂ ಇದ್ದಾರೆ. ಹೋಂಡಾ ಪರಂಪರೆಯ ಬೈಕಿನಲ್ಲಿ ಹಸಿರು ಅರ್ತು, ಕೀ ತಿರುಗಿಸಿದಾಗ ಕಪ್ಪಿನಲ್ಲಿ ಕರೆಂಟು. ಯಮಹಾಕ್ಕೆ ಬಂದರೆ ಕಪ್ಪೇ ಅರ್ತು. ಕಪ್ಪನ್ನು ಕಣ್ಣು ಮುಚ್ಚಿ ಚಾಸಿಸ್ಸಿಗೆ ಕಟ್ಟಿದವನ ಫ್ಯೂಸಿಗೆ ದೇವರೇ ಗತಿ.

ಹುಡುಗನಿಗೆ ಇಂಡಿಕೇಟರ್ ಸರಿಹೋದದ್ದೇ ಹೆಡ್‌ಲೈಟಿನ ಆಸೆ ಹುಟ್ಟಿತು. ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ: ಬೆನ್ನಿಗೆ ಪುಟ್ಟ ಫ್ಯಾನು ಇರುವ ಎಲ್‌ಇಡಿ ಬಲ್ಬು. ನಾನು ಅದರ ಚಿಪ್ಪುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂತೆ. ಹೊತ್ತಿಸದೆ ನೋಡಿದರೆ ಬಿಳಿ ಬೆಳಕಿನ ಸುಳಿವೇ ಇಲ್ಲ, ಅರಿಶಿನ ಮೆತ್ತಿದಂಥ ಹಳದಿ ಚೌಕಗಳು. ಒಳಗಿರುವುದು ನೀಲಿ ಎಲ್‌ಇಡಿ. ಅದರ ನೀಲಿಯಲ್ಲಿ ಒಂದಷ್ಟನ್ನು ಆ ಹಳದಿ ಫಾಸ್ಫರ್ ನುಂಗಿ ಹಳದಿಯಾಗಿ ಕೊಡುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಚೆನ್ನಾಗಿ ಬೆಳಗುವ ನೀಲಿಗಾಗಿ 1993ರವರೆಗೆ ಕಾಯಬೇಕಾಯಿತು. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಕಾಮುರಾ ಅದನ್ನು ಮಾಡಿ ತೋರಿಸಿದರು. 2014ರ ಭೌತಶಾಸ್ತ್ರದ ನೊಬೆಲ್ಲು ಅವರಿಗೂ ಅಕಾಸಾಕಿ, ಅಮಾನೊ ಅವರಿಗೂ ಬಂತು. ಆ ಸಾಹಸವೆಲ್ಲ ಇಳಿದು ಬಂದು ಈಗ ಹುಡುಗರ ಜೇಬಿನಲ್ಲಿ ಬೀಗದ ಕೈ ಜೊತೆ ಓಡಾಡುತ್ತಿದೆ.

ಹಾಕಿದೆವು. ಬೈಕು ಐಡಲ್‌ನಲ್ಲಿದ್ದಾಗ ದೀಪ ಪಟಪಟ ನಡುಗಿತು, ಆಕ್ಸಿಲರೇಟರ್ ಕೊಟ್ಟರೆ ನೆಟ್ಟಗಾಯಿತು. ಇಂಥ ಹಳೇ ಬೈಕುಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯ ಹಂಗಿಲ್ಲ. ಇಂಜಿನ್ನಿನ ಮ್ಯಾಗ್ನೆಟ್ ಕಾಯಿಲಿನಿಂದ ಬರುವ ಎಸಿ ಕರೆಂಟೇ ನೇರ ದೀಪಕ್ಕೆ. ಕಾದ ಫಿಲಮೆಂಟು ಅಲೆಯ ನಡುವಿನ ಬಿಡುವಿನಲ್ಲಿ ಆರಲು ಸಮಯವಿಲ್ಲದೆ ಬೆಳಗುತ್ತಲೇ ಇರುತ್ತದೆ. ಎಲ್‌ಇಡಿ ಪ್ರತಿ ಬಿಡುವಿಗೂ ಆರಿ ಹೊತ್ತುತ್ತದೆ. ವೈರಿಂಗ್ ಬದಲಿಸಿ ಬ್ಯಾಟರಿಯ ಡಿಸಿ ಕೊಡಬಹುದು, ಅದು ಇನ್ನೊಂದು ಭಾನುವಾರದ ಕೆಲಸ. ಅದಕ್ಕೆ ಮೊದಲು ಗೋಡೆಯ ಪರೀಕ್ಷೆ ಆಗಬೇಕಿತ್ತು.

ಕತ್ತಲಾದ ಮೇಲೆ ಸಮ ನೆಲದಲ್ಲಿ ಗೋಡೆಯಿಂದ ಇಪ್ಪತ್ತೈದು ಅಡಿ ದೂರ ಬೈಕು ನಿಲ್ಲಿಸಿ, ಅವನನ್ನು ಸೀಟಿನ ಮೇಲೆ ಕೂರಿಸಿ, ಹೆಡ್‌ಲೈಟಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಡಿಮ್ ಹಾಕಿದರೆ ಬೆಳಕೆಲ್ಲ ಗೆರೆಯ ಕೆಳಗಿರಬೇಕು. ಹ್ಯಾಲೊಜೆನ್ ಬಲ್ಬಿನ ಗಾಜಿನೊಳಗೆ ಇಣುಕಿದರೆ ಡಿಮ್ಮಿನ ಫಿಲಮೆಂಟಿನಡಿ ಒಂದು ತಗಡಿನ ಬಟ್ಟಲು ಕಾಣುತ್ತದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದಂತೆ ಅದು ತಡೆಯುತ್ತದೆ, ಮೇಲ್ಭಾಗಕ್ಕೆ ಬಿದ್ದ ಬೆಳಕು ರಸ್ತೆಗಿಳಿಯುತ್ತದೆ. ಫಿಲಮೆಂಟು ಇದ್ದ ಜಾಗದಲ್ಲೇ ಚಿಪ್ಪು ಇಲ್ಲದಿದ್ದರೆ ರಿಫ್ಲೆಕ್ಟರಿಗೆ ದಿಕ್ಕು ತಪ್ಪುತ್ತದೆ. ಹುಡುಗನ ಬಲ್ಬು ಗೆರೆ ದಾಟಿ ಹೆಂಚಿನವರೆಗೂ ಚೆಲ್ಲಿತು. ಬಲ್ಬಿನ ಕತ್ತು ತಿರುಗಿಸಿ ಚಿಪ್ಪುಗಳು ಎಡಕ್ಕೂ ಬಲಕ್ಕೂ ಮುಖ ಮಾಡುವಂತೆ ಕೂರಿಸಿದೆ. ಕಡಿಮೆಯಾಯಿತು, ನಿಲ್ಲಲಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಿನಿಂದ ಇಂಥದ್ದೊಂದು ದೀಪ ಬಂದರೆ ಬಸ್ ಡ್ರೈವರಿಗೆ ಒಂದು ಕ್ಷಣ ರಸ್ತೆಯೇ ಕಾಣದು. ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಸಾವಿರಾರು ಕೇಸು ಹಾಕಿದಾಗ ನನ್ನ ಬಳಗದಲ್ಲಿ ಹಲವರು ಗೊಣಗಿದರು. ನಾನು ಗೊಣಗಲಿಲ್ಲ.

ಮಂಜಿಗಾದರೂ ಬೇಕಲ್ಲ ಎಂದು ಹುಡುಗನ ವಾದ. ಮಂಜಿನಲ್ಲಿ ಬೆಳಕು ಹೆಚ್ಚಾದಷ್ಟೂ ಎದುರಿಗೆ ಬಿಳಿ ಪರದೆ ದಪ್ಪವಾಗುತ್ತದೆ. ಹಳದಿ ಮಂಜನ್ನು ಸೀಳುತ್ತದೆ ಎನ್ನುವುದೂ ಅರ್ಧ ಸತ್ಯ: ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಬಣ್ಣ ನೋಡಿ ಚದುರಿಸುವ ತಾರತಮ್ಯ ಅದಕ್ಕಿಲ್ಲ. ಕಣ್ಣಿಗೆ ಹಳದಿ ಹಿತ, ಅಷ್ಟು ನಿಜ. ಫ್ರಾನ್ಸಿನಲ್ಲಿ ಹೆಡ್‌ಲೈಟು ಹಳದಿಯೇ ಇರಬೇಕೆಂಬ ಕಾನೂನು ದಶಕಗಳ ಕಾಲ ಇತ್ತು. ಅದು ಹೋದದ್ದು, ಸೋಜಿಗವೆಂದರೆ, ನೀಲಿ ಎಲ್‌ಇಡಿ ಬಂದ 1993ರಲ್ಲೇ. ಮಂಜಿಗೆ ಬೇಕಾದದ್ದು ನೆಲದ ಹತ್ತಿರ ಕೂತು, ಅಗಲವಾಗಿ ಹರಡಿ, ತಲೆ ಎತ್ತದ ದೀಪ.

ಕೊನೆಗೆ ಅವನ ಹಳೇ ಮೂವತ್ತೈದು ವ್ಯಾಟಿನ ಹ್ಯಾಲೊಜೆನ್ನನ್ನೇ ವಾಪಸ್ ಕೂರಿಸಿದೆ. ಅದಕ್ಕೆ ಮೊದಲು ಹೋಲ್ಡರಿನ ಕಿಲುಬು ಕೆರೆದು, ಅರ್ತಿನ ಬೋಲ್ಟಿನಡಿ ಉಜ್ಜಿ ಲೋಹ ಕಾಣಿಸಿ, ಮೇಲೊಂದಿಷ್ಟು ವ್ಯಾಸಲೀನ್ ಸವರಿದೆ. ಫಿಲಮೆಂಟಿಗೆ ವೋಲ್ಟೇಜು ಹತ್ತರಲ್ಲೊಂದು ಪಾಲು ಕಡಿಮೆಯಾದರೆ ಬೆಳಕು ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಬಿದ್ದುಹೋಗುತ್ತದೆ. ಅಷ್ಟೂ ದಿನ ಅದು ದಾರಿಯಲ್ಲೇ ಸೋರುತ್ತಿತ್ತು. ಈಗ ಬೆಳಕು ಗೆರೆಯ ಕೆಳಗೆ, ಅಂಚು ಕತ್ತರಿಸಿದಂತೆ ನಿಂತಿತು. ಎಷ್ಟು ಚೆಂದ ಬಿದ್ದಿದೆ ನೋಡು ಅಂದೆ.

ಹುಡುಗ ಗೋಡೆಯನ್ನೂ ನನ್ನನ್ನೂ ನೋಡಿದ. “ಬೆಳಕೇನೋ ಜಾಸ್ತಿ ಆಯ್ತಣ್ಣ. ಆದ್ರೆ ಬೆಳ್ಳಗಿಲ್ವಲ್ಲ.”